ಮಳೆ ಹಿಡಿದ ಸಂಜೆಗೆ ನಿಮ್ಮ ಮನೆಯಲ್ಲಿ ಏನು ಮಾಡ್ತೀರಿ? ಪುಟ್ಟು, ಪಾಯಸ, ಸುಲಭದ ಸಿಹಿ: ಅಳತೆ ಸಮೇತ ಬರೆಯಿರಿ

ಕಾಫಿಹೂವು (ಪೊನ್ನಂಪೇಟೆ)

ಕೊಡಗಿನ ಅಡುಗೆ ಅಂದ ಕೂಡಲೇ ಹೊರಗಿನವರು ಕೇಳುವುದು ಪಂದಿಕರಿ, ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿ ಉಂಡೆ). ಕೇಳಲಿ, ಸಂತೋಷವೇ. ಆದರೆ ಅದು ಕೈಲ್‌ಪೊಳ್ದ್‌ ಹಬ್ಬಕ್ಕೆ, ಮದುವೆಗೆ, ನೆಂಟರು ಬಂದ ದಿನಕ್ಕೆ. ಮಳೆ ಬಿಡದ ಸಂಜೆ, ಕರೆಂಟು ಹೋಗಿ, ಮಕ್ಕಳು ಹಸಿವು ಹಸಿವು ಅಂತ ಒಲೆ ಸುತ್ತ ಸುತ್ತುವಾಗ ನಾವು ಮಾಡುವುದು ಬೇರೆಯೇ. ಅಕ್ಕಿ ತರಿ, ತೆಂಗಿನಕಾಯಿ, ಬೆಲ್ಲ, ಬಾಳೆಹಣ್ಣು. ಇಷ್ಟರಲ್ಲೇ ಎಷ್ಟು ಬಗೆ ಇದೆ ಅಲ್ವಾ? ಅವನ್ನು ಯಾರೂ ಸರಿಯಾಗಿ ಬರೆದಿಡುವುದಿಲ್ಲ ಅನ್ನುವುದೇ ನನ್ನ ಬೇಜಾರು.

ಹಾಗಾಗಿ ಈ ಚರ್ಚೆ ಶುರು ಮಾಡ್ತಿದ್ದೇನೆ. ಒಂದೇ ಒಂದು ಕೋರಿಕೆ: ದಯವಿಟ್ಟು ಅಳತೆ ಬರೆಯಿರಿ. ನಮ್ಮ ಅವ್ವಂದಿರೆಲ್ಲ ಕಣ್ಣಂದಾಜಿನಲ್ಲಿ ಮಾಡಿದವರು. ಅವರ ಕೈಗೆ ಅದು ಗೊತ್ತಿತ್ತು. ಈಗ ಮೈಸೂರು, ಬೆಂಗಳೂರಿನಲ್ಲಿ ಇರುವ ಮಕ್ಕಳು ಫೋನ್ ಮಾಡಿ "ನೀರು ಎಷ್ಟು?" ಅಂತ ಕೇಳಿದರೆ "ಸಾಕಾಗುವಷ್ಟು" ಅನ್ನುವ ಉತ್ತರದಿಂದ ಅವರಿಗೆ ಏನೂ ಸಿಗುವುದಿಲ್ಲ. ಲೋಟದ ಲೆಕ್ಕ ಕೊಡಿ. ಆಗುವುದಾದರೆ ಯಾಕೆ ಹಾಗೆ ಮಾಡಬೇಕು ಅಂತಲೂ ಬರೆಯಿರಿ. ಕಾರಣ ಗೊತ್ತಿದ್ದರೆ ಕೈ ತಾನೇ ಕಲಿಯುತ್ತದೆ.

ನಾನೇ ಮೊದಲು ಬರೆಯುತ್ತೇನೆ. ಪಾಪುಟ್ಟು.

1 ಲೋಟ ಅಕ್ಕಿ ತರಿ, 1 ಲೋಟ ಹಾಲು, 1 ಲೋಟ ನೀರು, ಅರ್ಧ ಲೋಟ ತೆಂಗಿನ ತುರಿ, ಚಿಟಿಕೆ ಉಪ್ಪು. ಸಿಹಿ ಬೇಕಾದರೆ 2 ಚಮಚ ಸಕ್ಕರೆ. ತರಿಯನ್ನು ತೊಳೆದು, ನೀರು ಪೂರ್ತಿ ಬಸಿದು, ಹಾಲು ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿಡಿ. ಅಂಚಿರುವ ತಟ್ಟೆಗೆ ತುಪ್ಪ ಸವರಿ ಹುಯ್ಯಿರಿ. ಮೇಲೆ ತುರಿ ಉದುರಿಸಿ. ಇಡ್ಲಿ ಪಾತ್ರೆಯಲ್ಲಿ 20ರಿಂದ 25 ನಿಮಿಷ ಹಬೆ.

ಇಲ್ಲಿ ಎರಡು ವಿಷಯ ನೋಡಬೇಕು. ಒಂದು, ತರಿ ಪಾತ್ರೆಯ ತಳಕ್ಕೆ ಇಳಿದುಬಿಡುತ್ತದೆ. ಪ್ರತಿ ತಟ್ಟೆಗೆ ಹುಯ್ಯುವ ಮುಂಚೆಯೂ ಸೌಟಿನಿಂದ ತಳ ಕೆದಕಿ ಕಲಕಬೇಕು. ಇಲ್ಲದಿದ್ದರೆ ಮೊದಲ ತಟ್ಟೆಯಲ್ಲಿ ಬರೀ ಹಾಲು, ಕೊನೆಯದರಲ್ಲಿ ಬರೀ ತರಿ. ಎರಡು, ಮುಚ್ಚಳದ ಒಳಗೆ ಕಟ್ಟಿದ ನೀರು ತಟ್ಟೆ ಮೇಲೆ ತೊಟ್ಟಿಕ್ಕುತ್ತದೆ. ಮುಚ್ಚಳಕ್ಕೆ ಒಂದು ತೆಳು ಬಟ್ಟೆ ಕಟ್ಟಿದರೆ ಆ ನೀರನ್ನು ಅದು ಹೀರಿಕೊಳ್ಳುತ್ತದೆ. ಪಾಪುಟ್ಟಿನ ಮೇಲ್ಭಾಗ ಒಣಗಿ, ಹಾಲಿನ ಕೆನೆ ತುರಿ ಜೊತೆ ಸೇರಿ ತೆಳ್ಳಗೆ ಪದರವಾಗಿ ನಿಲ್ಲುತ್ತದೆ. ನನಗೆ ಪಾಪುಟ್ಟಿನಲ್ಲಿ ಅದೇ ಇಷ್ಟ.

ಪೂರ್ತಿ ಆರಿದ ಮೇಲೆ ಕತ್ತರಿಸಿ. ಬಿಸಿಯಲ್ಲಿ ಚಾಕು ಹಾಕಿದರೆ ತುಂಡು ನಿಲ್ಲುವುದಿಲ್ಲ.

ಈಗ ನೀವು ಹೇಳಿ.

ಮಂಜಿನೂರು (ಮಡಿಕೇರಿ)

ಅಕ್ಕಾ, ಒಳ್ಳೆ ಕೆಲಸ ಮಾಡಿದಿರಿ. ಒಂದು ಪ್ರಶ್ನೆ. ಅಂಗಡಿಯ ಇಡ್ಲಿ ರವೆ ಹಾಕಬಹುದಾ? ನಮ್ಮ ಮನೆಯಲ್ಲಿ ಈಗ ಅಕ್ಕಿ ತರಿ ಮಾಡುವವರು ಯಾರೂ ಇಲ್ಲ. ಇಡ್ಲಿ ರವೆಯಲ್ಲಿ ಮಾಡಿದರೆ ಪುಟ್ಟು ಬಾಯಲ್ಲಿ ಬಿಡಿ ಬಿಡಿಯಾಗಿ ಸಿಗುತ್ತದೆ, ಒಂದಕ್ಕೊಂದು ಹಿಡಿಯುವುದಿಲ್ಲ.

ಗದ್ದೆಬದು (ನಾಪೋಕ್ಲು)

ಮಂಜಿನೂರು ಅವರೇ, ಅಂಗಡಿಯ ಇಡ್ಲಿ ರವೆಯನ್ನು ಸಾಮಾನ್ಯವಾಗಿ ಕುಸುಬಲಕ್ಕಿಯಿಂದ ಮಾಡುತ್ತಾರೆ. ಅದು ಒಮ್ಮೆ ಬೆಂದು ಒಣಗಿದ ಅಕ್ಕಿ. ನಮ್ಮ ತರಿ ಬೆಳ್ತಿಗೆ ಅಕ್ಕಿಯದು. ಹಿಡಿತದಲ್ಲಿ ವ್ಯತ್ಯಾಸ ಬರುವುದು ಅದರಿಂದಲೇ.

ತರಿ ಮಾಡುವುದು ಕಷ್ಟ ಅಲ್ಲ. ಸಂಜೆ ಹೊತ್ತು 2 ಲೋಟ ಅಕ್ಕಿ ತೊಳೆದು, ನೀರು ಬಸಿದು, ಹತ್ತಿ ಬಟ್ಟೆ ಮೇಲೆ ಹರಡಿ. ಬಿಸಿಲು ಬೇಡ, ಒಳಗೇ ಫ್ಯಾನ್ ಕೆಳಗೆ ಸಾಕು. ಮುಟ್ಟಿದರೆ ಕೈಗೆ ನೀರು ಹತ್ತಬಾರದು, ಆದರೆ ಕಾಳಿನಲ್ಲಿ ತಂಪು ಇರಬೇಕು. ಆಗ ಮಿಕ್ಸಿಯಲ್ಲಿ ಒಮ್ಮೆ ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿ ನಿಲ್ಲಿಸಿ. ಒಂದೇ ಸಮನೆ ಓಡಿಸಿದರೆ ಹಿಟ್ಟಾಗುತ್ತದೆ. ಸಾಸಿವೆ ಕಾಳಿಗಿಂತ ಸಣ್ಣದಾಗಬೇಕು ಅಷ್ಟೆ. ಜರಡಿ ಹಿಡಿದರೆ ಕೆಳಗೆ ಬೀಳುವ ಹಿಟ್ಟು ಒಟ್ಟಿ (ಅಕ್ಕಿ ರೊಟ್ಟಿ) ಮಾಡಲು, ಮೇಲೆ ಉಳಿಯುವ ತರಿ ಪುಟ್ಟಿಗೆ. ಏನೂ ವ್ಯರ್ಥ ಆಗುವುದಿಲ್ಲ.

ಮಳೆಗಾಲದಲ್ಲಿ ತುಂಬ ಮಾಡಿ ಇಡಬೇಡಿ. ತೇವಕ್ಕೆ ಬೂಸ್ಟು ಬರುತ್ತದೆ. ಬೇಕಾದರೆ ಬಾಣಲೆಯಲ್ಲಿ ಬಣ್ಣ ಬದಲಾಗದ ಹಾಗೆ ಬೆಚ್ಚಗೆ ಮಾಡಿ, ಆರಿಸಿ, ಬಿಗಿ ಡಬ್ಬದಲ್ಲಿ ಹಾಕಿ.

ಏಲಕ್ಕಿ ತೋಟ (ಸೋಮವಾರಪೇಟೆ)

ನಮ್ಮ ಕಡೆ ಪಾಪುಟ್ಟು ಕಡಿಮೆ, ಅಕ್ಕಿ ಕಡುಬು ಜಾಸ್ತಿ. 1 ಲೋಟ ತರಿಗೆ 2 ಲೋಟ ನೀರು, ಹಳೆ ಅಕ್ಕಿಯಾದರೆ ಇನ್ನೊಂದು ಕಾಲು ಲೋಟ. ನೀರು ಉಪ್ಪು ಕುದಿಸಿ ತರಿ ಹಾಕಿ ಕೈಬಿಡದೆ ತಿರುವಿ, ಮುಚ್ಚಿ ಸಣ್ಣ ಉರಿಯಲ್ಲಿ ಬಿಡಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಿ, 15–20 ನಿಮಿಷ ಹಬೆಯಲ್ಲಿ ಬೇಯಿಸಿ. ಆರಿದ ಮೇಲೆ ಕಟ್ಟಿದರೆ ಬಿರುಕು ಬರುತ್ತದೆ.

ಬೆಳಗ್ಗೆ ಸಾರಿನ ಜೊತೆ ತಿಂದು ಉಳಿದದ್ದನ್ನು ಸಂಜೆ ಸಿಹಿ ಮಾಡುತ್ತೇವೆ. ಬೆರಳು ದಪ್ಪಕ್ಕೆ ಹೆಚ್ಚಿ, ಕಾವಲಿಯಲ್ಲಿ ತುಪ್ಪ ಹಾಕಿ ಎರಡೂ ಕಡೆ ಕೆಂಪಗೆ ಮಾಡಿ. ಇಳಿಸುವ ಮುಂಚೆ ಬೆಲ್ಲದ ಪುಡಿ ಉದುರಿಸಿದರೆ ಅದು ಕರಗಿ ಅಂಟಿಕೊಳ್ಳುತ್ತದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮಕ್ಕಳಿಗೆ ಇದಕ್ಕಿಂತ ಬೇರೆ ಬೇಡ.

ಕಡಂಬುಟ್ಟು ಉಳಿದರೂ ಹೀಗೇ ಮಾಡಬಹುದು. ಅಳತೆಯೂ ಅದೇ.

ಪಿಜಿ ರೂಮು (ಊರು ಗೋಣಿಕೊಪ್ಪ, ಇರುವುದು ಬೆಂಗಳೂರು)

ಎಲ್ಲ ಓದಿ ಊರು ನೆನಪಾಗ್ತಿದೆ. ಆದರೆ ನನ್ನ ಹತ್ತಿರ ಇಡ್ಲಿ ಪಾತ್ರೆ ಇಲ್ಲ, ಒಲೆಯೂ ಇಲ್ಲ. ನೀರು ಕಾಯಿಸುವ ಕೆಟಲ್ ಒಂದೇ. ನನ್ನಂಥವರಿಗೆ ಏನಾದರೂ ಇದೆಯಾ? ಆಫೀಸಿಂದ ರಾತ್ರಿ ಬಂದ ಮೇಲೆ ನಮ್ಮ ಮನೆಯದೇ ರುಚಿ ಏನಾದರೂ ಬಾಯಿಗೆ ಬಿದ್ದರೆ ಸಾಕು.

ಕಾಫಿಹೂವು (ಪೊನ್ನಂಪೇಟೆ)

ಇದೆಯಪ್ಪ, ತಂಬುಟ್ಟು. ಹುತ್ತರಿ ಹಬ್ಬಕ್ಕೆ ಮಾತ್ರ ಅಂತ ಯಾಕೆ ಇಟ್ಟುಕೊಳ್ಳಬೇಕು?

ಪುಡಿಯನ್ನು ಮನೆಯವರು ಮಾಡಿ ಕಳಿಸಬೇಕು. 2 ಲೋಟ ಕುಸುಬಲಕ್ಕಿಯನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಕಾಳು ಉಬ್ಬಿ, ಬಣ್ಣ ತಿರುಗಿ, ಬಾಯಿಗೆ ಹಾಕಿ ಕಡಿದರೆ ಕಟ್ ಅನ್ನಬೇಕು. ಕೊನೆಗೆ ಅರ್ಧ ಚಮಚ ಮೆಂತ್ಯ, ನಾಲ್ಕೈದು ಏಲಕ್ಕಿ ಹಾಕಿ ಬೆಚ್ಚಗಾದ ಕೂಡಲೇ ಇಳಿಸಿ. ಮೆಂತ್ಯ ಕಪ್ಪಾದರೆ ಎಲ್ಲವೂ ಕಹಿ. ಆರಿದ ಮೇಲೆ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಬಿಗಿ ಡಬ್ಬದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಪುಡಿ ಆಗಲೇ ಹುರಿದದ್ದು, ಮತ್ತೆ ಬೇಯಿಸುವುದು ಬೇಡ. ನಿನ್ನ ರೂಮಿಗೆ ಸರಿಹೋಗುತ್ತದೆ.

ನೀನು ಮಾಡಬೇಕಾದ್ದು: ಸಿಪ್ಪೆ ಕಪ್ಪಾಗುವಷ್ಟು ಕಳಿತ 2 ಬಾಳೆಹಣ್ಣು, ಒಂದು ಬಟ್ಟಲಿನಲ್ಲಿ ಕೈಯಿಂದಲೇ ಹಿಸುಕು. ಗಂಟು ಉಳಿಯಬಾರದು. ಪುಡಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಸು. ನೀರು ಒಂದು ಹನಿ ಕೂಡ ಬೇಡ. ಚಪಾತಿ ಹಿಟ್ಟಿಗಿಂತ ಮೆತ್ತಗೆ ಇರಲಿ, ಯಾಕೆಂದರೆ ಹತ್ತು ನಿಮಿಷ ಬಿಟ್ಟರೆ ಪುಡಿ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ. ತಟ್ಟೆಗೆ ಹಾಕಿ ನಡುವೆ ಗುಳಿ ಮಾಡಿ ತುಪ್ಪ ಬಿಡು. ಮೇಲೆ ತೆಂಗಿನ ತುರಿ, ಹುರಿದ ಎಳ್ಳು, ಸಕ್ಕರೆ. ತುರಿ ಸಿಗದಿದ್ದರೆ ಎಳ್ಳು ತುಪ್ಪ ಎರಡೇ ಸಾಕು.

ಹಣ್ಣು ಸರಿಯಾಗಿ ಕಳಿಯದಿದ್ದರೆ ಮಾತ್ರ ಮಾಡಬೇಡ. ಒಗರು ಬರುತ್ತದೆ.

ಕಿತ್ತಳೆಸಿಪ್ಪೆ (ವಿರಾಜಪೇಟೆ)

ಬಾಳೆಹಣ್ಣಿನ ಮಾತು ಬಂತು, ಹಲಸಿನದು ಯಾರೂ ಎತ್ತಲಿಲ್ಲವಲ್ಲ! ಕೂವಲೆ ಎಲೆಯಲ್ಲಿ ಕಟ್ಟಿ ಬೇಯಿಸುವ ಕೂವಲೆ ಪುಟ್ಟು ಬರೆಯದೆ ಈ ಚರ್ಚೆ ಮುಗಿಯಬಾರದು. ಹಲಸಿನ ಕಾಲ ಮುಗಿಯುತ್ತಾ ಬಂತು. ಮರದಲ್ಲಿ ಉಳಿದಿರುವ ಕೊನೆಯ ಹಣ್ಣುಗಳನ್ನು ಬಿಡಬೇಡಿ.

ನಮ್ಮ ಮನೆ ಅಳತೆ: 2 ಲೋಟ ಹಲಸಿನ ತಿರುಳು, 1 ಲೋಟ ತರಿ, ಅರ್ಧ ಲೋಟ ತೆಂಗಿನ ತುರಿ, ಅರ್ಧ ಲೋಟ ಬೆಲ್ಲ, 4 ಏಲಕ್ಕಿ, ಚಿಟಿಕೆ ಉಪ್ಪು. ಹಣ್ಣು ತುಂಬ ಸಿಹಿ ಇದ್ದರೆ ಬೆಲ್ಲ ಕಾಲು ಲೋಟಕ್ಕೆ ಇಳಿಸಿ. ತಿರುಳಿಗೆ ತುಳುವೆ (ಮೆತ್ತನೆ ತೊಳೆಯ) ಹಣ್ಣು ಒಳ್ಳೆಯದು, ತಾನೇ ಕರಗುತ್ತದೆ. ಗಟ್ಟಿ ತೊಳೆಯ ಬಕ್ಕೆಯಾದರೆ ಸಣ್ಣಗೆ ಹೆಚ್ಚಿ ಮಿಕ್ಸಿಗೆ ಹಾಕಬೇಕು. ಎಲ್ಲ ಕಲಸಿ ಅರ್ಧ ಗಂಟೆ ಬಿಡಿ. ತರಿ ಹಣ್ಣಿನ ರಸದಲ್ಲೇ ನೆನೆಯಬೇಕು, ಬೇರೆ ನೀರು ಹಾಕಬಾರದು.

ಕೂವಲೆ ಎಲೆಯನ್ನು ಒರೆಸಿ, ಮಡಚಿ, ಒಳಗೆ ಒಂದು ಸೌಟು ತುಂಬಿ, ತ್ರಿಕೋನಕ್ಕೆ ಮಡಚಿಕೊಂಡು ಹೋಗಿ ತುದಿಯನ್ನು ಸಿಕ್ಕಿಸಿ. ಪೂರ್ತಿ ತುಂಬಬೇಡಿ, ಬೇಯುವಾಗ ಉಬ್ಬುತ್ತದೆ. 35ರಿಂದ 40 ನಿಮಿಷ ಹಬೆ. ಎಲೆಯ ಹಸಿರು ಬಣ್ಣ ಮಾಸಿ ಕಂದಾಗಬೇಕು. ಬಿಡಿಸಿದಾಗ ಪುಟ್ಟು ಎಲೆಗೆ ಅಂಟದೆ ಜಾರಿ ಬಂದರೆ ಬೆಂದಿದೆ ಅಂತ. ಎಲೆಯ ನರದ ಗೆರೆಗಳು ಪುಟ್ಟಿನ ಮೇಲೆ ಅಚ್ಚೊತ್ತಿದ ಹಾಗೆ ಮೂಡಿರುತ್ತವೆ. ಆ ಎಲೆ ಕೊಡುವ ಪರಿಮಳ ಬೇರೆ ಯಾವುದರಲ್ಲೂ ಬರುವುದಿಲ್ಲ.

ಬಿಸಿಯಿರುವಾಗಲೇ ತುಪ್ಪ. ಜೊತೆಗೆ ಬೆಲ್ಲದ ಕಾಫಿ.

ಗದ್ದೆಬದು (ನಾಪೋಕ್ಲು)

ನಾವು ತರಿಯನ್ನು ಹುರಿದೇ ಹಾಕುವುದು. ಹಸಿ ತರಿ ಹಾಕಿದರೆ ಅಂಟು ಬರುತ್ತದೆ.

ಕಿತ್ತಳೆಸಿಪ್ಪೆ (ವಿರಾಜಪೇಟೆ)

ಹಣ್ಣಿನ ಮೇಲೆ ಹೋಗುತ್ತದೆ ಅಣ್ಣ. ಏಪ್ರಿಲ್, ಮೇ ತಿಂಗಳ ಹಣ್ಣಿನಲ್ಲಿ ನೀರು ಕಡಿಮೆ. ಆಗ ಹಸಿ ತರಿ ಚೆನ್ನಾಗಿರುತ್ತದೆ. ಮಳೆ ಕುಡಿದ ಹಣ್ಣು ನೀರು ನೀರು, ಆಗ ಹುರಿದರೆ ಒಳ್ಳೆಯದು. ಈಗಿನ ಹಣ್ಣಿಗೆ ನಿಮ್ಮ ಮಾತೇ ಸರಿ.

ಘಾಟಿ ರಸ್ತೆ (ಸಂಪಾಜೆ)

ನಮ್ಮದು ಗಡಿಯ ಊರು, ಇತ್ತ ಕೊಡಗು, ಅತ್ತ ಸುಳ್ಯ. ನಮ್ಮ ಮನೆಯಲ್ಲಿ ಇದನ್ನೇ ಬಾಳೆಎಲೆಯಲ್ಲಿ ಇಲ್ಲವೇ ತೇಗದ ಎಲೆಯಲ್ಲಿ ಕಟ್ಟುತ್ತೇವೆ. ಅಕ್ಕಿಯನ್ನು ನೆನೆಸಿ ಹಣ್ಣಿನ ಜೊತೆಗೇ ತರಿತರಿಯಾಗಿ ರುಬ್ಬುತ್ತೇವೆ. ತೇಗದ ಎಳೆ ಎಲೆ ಪುಟ್ಟಿಗೆ ಕೆಂಪು ಬಣ್ಣ ಬಿಡುತ್ತದೆ, ನೋಡಲಿಕ್ಕೂ ಚಂದ. ಕೆಲವರು ಅರಿಶಿನ ಎಲೆ ಹಾಕುತ್ತಾರೆ, ಅದಕ್ಕೆ ಪರಿಮಳ ಜಾಸ್ತಿ, ನನಗೆ ಹಲಸಿಗಿಂತ ಎಲೆಯ ವಾಸನೆಯೇ ಮುಂದೆ ಬಂತು ಅನಿಸುತ್ತದೆ.

ಬಾಳೆಎಲೆಯನ್ನು ಕೆಂಡದ ಮೇಲೆ ಇಲ್ಲವೇ ಗ್ಯಾಸ್ ಉರಿಯ ಮೇಲೆ ಒಮ್ಮೆ ಆಡಿಸಿ ಬಾಡಿಸಿಕೊಳ್ಳಿ. ಬಾಡಿಸದ ಎಲೆ ಮಡಚುವಾಗಲೇ ಸೀಳುತ್ತದೆ.

ಹೊಳೆದಂಡೆ (ಕುಶಾಲನಗರ)

ಹಲಸಿನ ಹಣ್ಣು ಮುಗಿದ ಮೇಲೆ ಏನು ಮಾಡುವುದು? ವರ್ಷವಿಡೀ ಇಡುವ ದಾರಿ ಇದೆಯಾ?

ಕಿತ್ತಳೆಸಿಪ್ಪೆ (ವಿರಾಜಪೇಟೆ)

ಇದೆ. ನಮ್ಮ ಪಕ್ಕದ ಮಲಯಾಳಿ ಮನೆಯವರು ಚಕ್ಕ ವರಟ್ಟಿ ಮಾಡುತ್ತಾರೆ. ತಿರುಳು ಮತ್ತು ಬೆಲ್ಲವನ್ನು ದಪ್ಪ ತಳದ ಉರುಳಿಯಲ್ಲಿ ಹಾಕಿ, ತುಪ್ಪ ಬಿಡುತ್ತಾ, ಸೌಟಿಗೆ ಮುದ್ದೆಯಾಗಿ ಬರುವ ತನಕ ಕಾಯಿಸುವುದು. ಒಂದು ಗಂಟೆಗೂ ಮೇಲೆ ಕೈಬಿಡದೆ ತಿರುವಬೇಕು. ನೀರಿನಂಶ ಹೋದಷ್ಟೂ ಬಾಳಿಕೆ. ಆಮೇಲೆ ಬೇಕಾದಾಗ 2 ಚಮಚ ತೆಗೆದು ತೆಂಗಿನ ಹಾಲಲ್ಲಿ ಕರಗಿಸಿದರೆ ಪಾಯಸ ಆಗುತ್ತದೆ. ಅಷ್ಟು ಪುರುಸೊತ್ತು ಇಲ್ಲದವರು ತಿರುಳನ್ನು ಡಬ್ಬದಲ್ಲಿ ಹಾಕಿ ಫ್ರೀಜರಿನಲ್ಲಿ ಇಡಿ. ಕೂವಲೆ ಪುಟ್ಟಿಗೆ ಏನೂ ತೊಂದರೆ ಇಲ್ಲ.

ಮಂಜಿನೂರು (ಮಡಿಕೇರಿ)

ಕಕ್ಕಡ ತಿಂಗಳ 18 ಹತ್ತಿರ ಬಂತು, ಆಗಸ್ಟ್ 3. ಮದ್ದುಸೊಪ್ಪಿನ (ಔಷಧಿ ಸೊಪ್ಪು) ಪಾಯಸದ ಅಳತೆ ಯಾರಾದರೂ ಕೊಡಿ. ನಮ್ಮ ಅತ್ತೆ ಇದ್ದಾಗ ಅವರೇ ಎಲ್ಲ ಮಾಡುತ್ತಿದ್ದರು. ನಮಗೆ ತಿನ್ನುವುದು ಮಾತ್ರ ಗೊತ್ತಿತ್ತು.

ಗದ್ದೆಬದು (ನಾಪೋಕ್ಲು)

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇದು ಕೈತಪ್ಪಿ ಹೋಗಬಾರದು.

ಕಕ್ಕಡ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು. ನಾಟಿ ಕೆಲಸ, ಚಳಿ, ಎಡೆಬಿಡದ ಮಳೆ. ಮೈಗೆ ಬಿಸಿ ಬೇಕಾದ ಕಾಲ. ಆ ತಿಂಗಳ 18ನೇ ದಿನದ ಹೊತ್ತಿಗೆ ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧಿ ಗುಣ ಸೇರುತ್ತದೆ ಅಂತ ಹಿರಿಯರ ನಂಬಿಕೆ. ಆ ದಿನಗಳಲ್ಲಿ ಗಿಡದ ಹತ್ತಿರ ಹೋದರೆ ವಾಸನೆ ಮೂಗಿಗೆ ಬಡಿಯುತ್ತದೆ, ಅದು ಮಾತ್ರ ಯಾರಿಗೂ ಗೊತ್ತಾಗುವಂಥದ್ದು.

ಒಂದು ದೊಡ್ಡ ಕಟ್ಟು ಸೊಪ್ಪನ್ನು ಕಾಂಡ ಸಮೇತ ತೊಳೆದು ತುಂಡು ಮಾಡಿ. ಕಾಂಡ ಎಸೆಯಬೇಡಿ, ಅದರಲ್ಲೂ ಬಣ್ಣ ಇದೆ. ಮುಳುಗುವಷ್ಟು ನೀರು ಹಾಕಿ ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಸೋಸಿದರೆ ಕಡು ನೇರಳೆ ನೀರು ಸಿಗುತ್ತದೆ. ಲೋಟದಲ್ಲಿ ಹಿಡಿದರೆ ಆಚೆ ಬದಿ ಕಾಣಬಾರದು, ಅಷ್ಟು ಕಡು.

1 ಲೋಟ ಅಕ್ಕಿಗೆ 4 ಲೋಟ ಈ ನೀರು. ನಮ್ಮ ಸಣ್ಣಕ್ಕಿ ಇದ್ದರೆ ಒಳ್ಳೆಯದು. ಅನ್ನ ಪೂರ್ತಿ ಮೆತ್ತಗಾದ ಮೇಲೆ ಮುಕ್ಕಾಲು ಲೋಟ ಬೆಲ್ಲ. ಬೆಲ್ಲವನ್ನು ಮೊದಲೇ ಹಾಕಿದರೆ ಅಕ್ಕಿ ಅಲ್ಲಿಗೇ ನಿಂತುಬಿಡುತ್ತದೆ, ಮುಂದೆ ಬೇಯುವುದಿಲ್ಲ. ಕೊನೆಗೆ 1 ಲೋಟ ಗಟ್ಟಿ ಕಾಯಿಹಾಲು ಹಾಕಿ ಬಿಸಿಯಾದ ಕೂಡಲೇ ಇಳಿಸಿ, ಕುದಿಸಬೇಡಿ. ತಟ್ಟೆಗೆ ಬಡಿಸಿ ಮೇಲೆ ತುಪ್ಪ, ಜೇನು.

ಪಾಯಸ ದೊಡ್ಡ ಕೆಲಸ ಅನಿಸಿದರೆ ಮದ್ದುಪುಟ್ಟು ಮಾಡಿ. ಕಾಫಿಹೂವು ಅವರ ಪಾಪುಟ್ಟಿನ ಅಳತೆಯಲ್ಲಿ ಹಾಲು ನೀರು ಎರಡರ ಬದಲು 2 ಲೋಟ ಮದ್ದಿನ ನೀರು ಹಾಕಿ, ತುರಿ ಸೇರಿಸಿ ಹಬೆಗೆ ಇಡಿ. ಜೇನು ಹಾಕಿಕೊಂಡು ತಿನ್ನಿ.

ಮಕ್ಕಳಿಗೆ ಮೊದಲೇ ಹೇಳಿಡಿ, ಮಾರನೆ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ಸೊಪ್ಪಿನ ಬಣ್ಣ, ಹೆದರಬೇಕಾಗಿಲ್ಲ. ಸೊಪ್ಪನ್ನು ಗುರುತು ಇರುವವರಿಂದಲೇ ತೆಗೆದುಕೊಳ್ಳಿ. ಕಾಡುಗಿಡ ಕಿತ್ತು ಅಂದಾಜಿನಲ್ಲಿ ಮಾಡುವ ಅಡುಗೆ ಇದಲ್ಲ.

ಮಂಜಿನೂರು (ಮಡಿಕೇರಿ)

ತುಂಬ ಉಪಕಾರ ಆಯಿತು. ಇದನ್ನು ಬರೆದು ಅಡುಗೆಮನೆ ಗೋಡೆಗೆ ಅಂಟಿಸುತ್ತೇನೆ.

ಕರಿಮೆಣಸು (ಸಿದ್ದಾಪುರ)

ಎಲ್ಲರೂ ಸಿಹಿಯೇ ಬರೆಯುತ್ತಿದ್ದೀರಿ. ಮಳೆಗೆ ನನಗೆ ಬೇಕಾದ್ದು ಬಿಸಿ ಗಂಜಿ, ಎಳ್ಳು ಪಜ್ಜಿ (ಚಟ್ನಿ), ಒಂದು ತುಂಡು ಹುಳಿ ಉಪ್ಪಿನಕಾಯಿ. ಅದರ ಮುಂದೆ ಯಾವ ಹಬ್ಬದ ಊಟವೂ ಬೇಡ.

ಎಳ್ಳು ಪಜ್ಜಿ ಐದು ನಿಮಿಷದ ಕೆಲಸ. 4 ಚಮಚ ಎಳ್ಳು ಚಟಪಟ ಅನ್ನುವ ತನಕ ಹುರಿದು, ಕಾಲು ಲೋಟ ತೆಂಗಿನ ತುರಿ, ಎರಡು ಪರಂಗಿ ಮೆಣಸು (ಸೂಜಿಮೆಣಸು), ಎರಡು ಎಸಳು ಬೆಳ್ಳುಳ್ಳಿ, ಉಪ್ಪು, ಸ್ವಲ್ಪ ಹುಳಿ ಸೇರಿಸಿ ರುಬ್ಬಿ. ಅಕ್ಕಿ ಒಟ್ಟಿಗೂ ಇದೇ ಸರಿ ಜೋಡಿ.

ಒಟ್ಟಿ ಅಂದರೆ ನಮ್ಮ ಅಕ್ಕಿ ರೊಟ್ಟಿ, ಗೊತ್ತಿಲ್ಲದವರಿಗೆ: ರಾತ್ರಿ ಉಳಿದ 1 ಲೋಟ ಅನ್ನ ಚೆನ್ನಾಗಿ ಹಿಸುಕಿ, ಹಿಡಿಯುವಷ್ಟು ಅಕ್ಕಿ ಹಿಟ್ಟು ಸೇರಿಸಿ ನಾದಿ. ಸಾಮಾನ್ಯವಾಗಿ 1 ಲೋಟ ಹಿಟ್ಟು ಹೋಗುತ್ತದೆ. ಅನ್ನದ ತೇವ ಸಾಕು, ನೀರು ಬೇಡ. ತೆಳ್ಳಗೆ ಲಟ್ಟಿಸಿ ಕಾವಲಿಯಲ್ಲಿ ಎರಡೂ ಬದಿ ಬಾಡಿಸಿ, ಆಮೇಲೆ ಕೆಂಡದ ಮೇಲೆ ಹಾಕಿದರೆ ಉಬ್ಬುತ್ತದೆ. ಸಣ್ಣ ಮಕ್ಕಳಿಗೆ ಅದರ ಮೇಲೆ ತುಪ್ಪ, ಜೇನು ಸವರಿ ಸುತ್ತಿ ಕೊಡಿ. ನೋಡಿ, ನಾನೂ ಸಿಹಿಗೇ ಬಂದೆ.

ಕಣಿಲೆ (ಎಳೆ ಬಿದಿರು) ತರುವವರಿಗೆ ಒಂದು ಮಾತು. ಹಸಿ ಕಣಿಲೆಯಲ್ಲಿ ಸಯನೈಡ್ ಆಗುವ ಅಂಶ ಇರುತ್ತದೆ. ಹೆಚ್ಚಿ ನೀರಿನಲ್ಲಿ ಎರಡು ಮೂರು ದಿನ ಇಡಬೇಕು, ದಿನಾ ನೀರು ಬದಲಿಸಬೇಕು, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಹೊಸದಾಗಿ ಮಾಡುವವರು ರುಚಿ ಹೋಗುತ್ತದೆ ಅಂತ ಅವಸರ ಮಾಡುವುದುಂಟು. ಬೇಡವೇ ಬೇಡ.

ಕೆಸದ ತುರಿಕೆಗೆ ಕಾಚಂಪುಳಿ ಒಂದು ಚಮಚ ಸಾಕು. ಅದು ಹಣ್ಣಿನ ರಸ ಬತ್ತಿಸಿ ಮಾಡಿದ ಹುಳಿ, ಜಾಸ್ತಿ ಬಿದ್ದರೆ ಪಲ್ಯ ಬಾಯಿಗೆ ಇಡಲಿಕ್ಕಾಗುವುದಿಲ್ಲ.

ಏಲಕ್ಕಿ ತೋಟ (ಸೋಮವಾರಪೇಟೆ)

ಪಾಯಸದ ವಿಷಯಕ್ಕೆ ಒಂದು ಸೇರಿಸುತ್ತೇನೆ. ದನದ ಹಾಲು ಹಾಕುವ ಪಾಯಸಕ್ಕೆ ಬೆಲ್ಲ ಹಾಕಿದರೆ ಒಡೆಯಿತು ಅಂತ ತುಂಬ ಜನ ಹೇಳುತ್ತಾರೆ. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇದೆ, ಕುದಿಯುವ ಹಾಲಿಗೆ ಅದು ಬಿದ್ದರೆ ಒಡೆಯುತ್ತದೆ. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಸೋಸಿ, ಆರಲು ಬಿಡಿ. ಪಾಯಸವನ್ನೂ ಒಲೆಯಿಂದ ಇಳಿಸಿ ಹತ್ತು ನಿಮಿಷ ಬಿಟ್ಟು ಎರಡನ್ನೂ ಸೇರಿಸಿ. ಮತ್ತೆ ಒಲೆಗೆ ಇಡಬೇಡಿ. ಕಾಯಿಹಾಲಿಗೆ ಈ ತೊಂದರೆ ಅಷ್ಟಿಲ್ಲ, ಹಾಗಾಗಿಯೇ ಬೆಲ್ಲದ ಪಾಯಸಕ್ಕೆ ಕಾಯಿಹಾಲು ಹೊಂದುತ್ತದೆ.

ಹೊಳೆದಂಡೆ (ಕುಶಾಲನಗರ)

ಒಲೆಯೇ ಬೇಡದ್ದು ಇನ್ನೊಂದು ಇದೆ. ಬೆಣ್ಣೆಹಣ್ಣು (ಅವಕಾಡೊ). ಈಗ ಎಲ್ಲರ ತೋಟದಲ್ಲೂ ಬೀಳುತ್ತಿದೆ. ಇದು ಮರದಲ್ಲಿ ಹಣ್ಣಾಗುವುದಿಲ್ಲ, ಕಿತ್ತ ಮೇಲೆಯೇ ಮೆತ್ತಗಾಗುವುದು. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಬೇಗ ಆಗುತ್ತದೆ. 1 ಹಣ್ಣಿನ ತಿರುಳು, ಅರ್ಧ ಲೋಟ ಕಾಯಿಹಾಲು, 2 ಚಮಚ ಜೇನು, ಚಿಟಿಕೆ ಏಲಕ್ಕಿ ಪುಡಿ. ಚಮಚದಲ್ಲೇ ಮಸೆದು ತಿನ್ನಿ. ಬಿಸಿ ಮಾಡಬೇಡಿ, ಕಹಿಯಾಗುತ್ತದೆ.

ಕಿತ್ತಳೆಸಿಪ್ಪೆ (ವಿರಾಜಪೇಟೆ)

ತೋಟದ ಮನೆಗಳಲ್ಲಿ ಮಾಡುವ ಮೊಟ್ಟೆ ಪುಡ್ಡಿಂಗ್ ಕೂಡ ಬರೆದುಬಿಡುತ್ತೇನೆ. ನೆಂಟರು ಬರುತ್ತಾರೆ ಅಂತ ಫೋನ್ ಬಂದ ಮೇಲೆ ಶುರು ಮಾಡಿದರೂ ಸಾಕು. ಅಗಲ ಪಾತ್ರೆಯಲ್ಲಿ 3 ಚಮಚ ಸಕ್ಕರೆಯನ್ನು ನೀರಿಲ್ಲದೆ ಕರಗಿಸಿ. ಜೇನಿನ ಬಣ್ಣಕ್ಕೆ ಬಂದ ಕೂಡಲೇ ಇಳಿಸಿ ಪಾತ್ರೆ ತಳಕ್ಕೆಲ್ಲ ಹರಡಿ. 1 ಲೋಟ ಉಗುರು ಬೆಚ್ಚಗಿನ ಹಾಲು, 2 ಮೊಟ್ಟೆ, 3 ಚಮಚ ಸಕ್ಕರೆ ಸೇರಿಸಿ ನೊರೆ ಬರದ ಹಾಗೆ ನಿಧಾನ ಕಲಕಿ, ಸೋಸಿ ಅದರ ಮೇಲೆ ಹುಯ್ಯಿರಿ. ತಟ್ಟೆ ಮುಚ್ಚಿ ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಉರಿ ಜೋರಾದರೆ ಒಳಗೆಲ್ಲ ತೂತು ತೂತು. ಚಾಕು ಚುಚ್ಚಿದರೆ ಅಂಟದೆ ಬರಬೇಕು. ಆರಿದ ಮೇಲೆ ತಟ್ಟೆಗೆ ಮಗುಚಿ.

ಮಂಜಿನೂರು (ಮಡಿಕೇರಿ)

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ. ಇವರೆದುರು ನಾವೆಲ್ಲ ಪುಟ್ಟು ತಿನ್ನುವುದು ಹೇಗೆ? ಏನಾದರೂ ದಾರಿ ಹೇಳಿ.

ಕಾಫಿಹೂವು (ಪೊನ್ನಂಪೇಟೆ)

ಸಕ್ಕರೆ ಬದಲು ಬೆಲ್ಲ ಇಲ್ಲವೇ ಜೇನು ಹಾಕಿದರೆ ಆಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವರ ಮೈಗೆ ಅದೂ ಸಕ್ಕರೆಯೇ. ಅಕ್ಕಿಯೂ ಹಾಗೆಯೇ ಏರಿಸುತ್ತದೆ. ನಾನು ನಮ್ಮ ಅಪ್ಪನಿಗೆ ಮಾಡುವುದು ಹೀಗೆ: ಪಾಪುಟ್ಟಿಗೆ ಸಿಹಿ ಹಾಕುವುದೇ ಇಲ್ಲ, ತುರಿ ಎರಡರಷ್ಟು ಹಾಕುತ್ತೇನೆ. ಒಂದೇ ತುಂಡು, ಜೊತೆಗೆ ಬಟ್ಟಲು ತುಂಬ ತರಕಾರಿ ಸಾರು ಇಲ್ಲವೇ ಮೊಟ್ಟೆ ಕರಿ. ಮನೆಯವರೆಲ್ಲ ಅದನ್ನೇ ತಿನ್ನುತ್ತೇವೆ, ಸಿಹಿ ಬೇಕಾದವರು ತಮ್ಮ ತಟ್ಟೆಗೆ ಜೇನು ಹಾಕಿಕೊಳ್ಳುತ್ತಾರೆ. ಅವರಿಗೆ ಬೇರೆ ಅಡುಗೆ, ನಮಗೆ ಬೇರೆ ಅಂತ ಮಾಡಿದರೆ ಅವರ ಮುಖ ನೋಡಲಿಕ್ಕಾಗುವುದಿಲ್ಲ. ಎಷ್ಟು ತಿನ್ನಬಹುದು ಅನ್ನುವುದನ್ನು ಮಾತ್ರ ಅವರ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಘಾಟಿ ರಸ್ತೆ (ಸಂಪಾಜೆ)

ನೂಪುಟ್ಟು (ಒತ್ತು ಶಾವಿಗೆ) ಉಳಿದರೆ ಏನು ಮಾಡುತ್ತೀರಿ? ನಾವು ಗಟ್ಟಿ ಕಾಯಿಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಅದರಲ್ಲಿ ನೆನೆಸುತ್ತೇವೆ. 1 ತೆಂಗಿನಕಾಯಿಗೆ ಒಂದು ಅಚ್ಚು ಬೆಲ್ಲ. ಚಿಟಿಕೆ ಉಪ್ಪು ಮರೆಯಬೇಡಿ, ಅದಿಲ್ಲದಿದ್ದರೆ ಕಾಯಿಹಾಲು ಸಪ್ಪೆ.

ಗದ್ದೆಬದು (ನಾಪೋಕ್ಲು)

ನಮ್ಮಲ್ಲೂ ಹಾಗೆಯೇ. ನೂಪುಟ್ಟು ಒತ್ತುವವರು ಒಂದು ನೆನಪಿಡಿ: ಉಂಡೆಯನ್ನು ಹಬೆಯಿಂದ ತೆಗೆದ ಕೂಡಲೇ ಶಾವಿಗೆ ಒರಳಿಗೆ ಹಾಕಬೇಕು. ಒಬ್ಬರು ಪಾತ್ರೆ ಹತ್ತಿರ, ಒಬ್ಬರು ಒರಳಿನ ಹತ್ತಿರ ಇದ್ದರೆ ಸಲೀಸು. ಆರಿದ ಉಂಡೆ ಒತ್ತಲು ತೋಳು ಸೋಲುತ್ತದೆ, ಎಳೆಯೂ ತುಂಡು ತುಂಡು.

ಪಿಜಿ ರೂಮು (ಊರು ಗೋಣಿಕೊಪ್ಪ, ಇರುವುದು ಬೆಂಗಳೂರು)

ಅಕ್ಕಾ, ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ತಂಬುಟ್ಟಿನ ಪುಡಿ ಹುರಿದು ಬಸ್ಸಿನಲ್ಲಿ ಕಳಿಸುತ್ತೇನೆ ಅಂದರು. ಎಳ್ಳನ್ನೂ ಪುಡಿಗೆ ಸೇರಿಸಿಯೇ ಕಳಿಸಬಹುದಾ?

ಕಾಫಿಹೂವು (ಪೊನ್ನಂಪೇಟೆ)

ಬೇಡ. ಎಳ್ಳಿನಲ್ಲಿ ಎಣ್ಣೆ ಇದೆ, ಪುಡಿ ಮಾಡಿದರೆ ಬೇಗ ಕಮಟು ವಾಸನೆ ಬರುತ್ತದೆ. ಹುರಿದು ಇಡಿಯಾಗಿಯೇ ಬೇರೆ ಡಬ್ಬದಲ್ಲಿ ಹಾಕಲಿ. ತುಪ್ಪವನ್ನು ಗಾಜಿನ ಬಾಟಲಿಯಲ್ಲಿ ಕಳಿಸುವುದು ಬೇಡ ಅಂತ ಹೇಳು, ಸ್ಟೀಲ್ ಡಬ್ಬಕ್ಕೆ ಹಾಕಿ ಮುಚ್ಚಳದ ಸುತ್ತ ಬಟ್ಟೆ ಕಟ್ಟಲಿ.

ಉಳಿದವರಿಗೆ: ಶುಕ್ರವಾರ ಮಡಿಕೇರಿ ಸಂತೆಗೆ ಹೋಗುವವರು ಮದ್ದುಸೊಪ್ಪು ಬಂದಿದೆಯಾ, ಕಟ್ಟು ಎಷ್ಟಕ್ಕೆ ಕೊಡುತ್ತಿದ್ದಾರೆ ಅಂತ ಇಲ್ಲಿ ಹಾಕಿ. ಕೂವಲೆ ಎಲೆ ಯಾರ ತೋಡಿನ ಬದಿಯಲ್ಲಾದರೂ ಇದ್ದರೆ ಅದನ್ನೂ ಬರೆಯಿರಿ, ನಮ್ಮ ಕಡೆ ಹುಡುಕುವವರು ತುಂಬ ಜನ ಇದ್ದಾರೆ.